ಪಾರ್ಕಿನ ಕೆಲಸ ಬೇಡವೆಂದರೆ ವಾರ್ಡ್ ಸಭೆ ಕೇಳುತ್ತದೆಯೇ?

ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹುಲ್ಲು ಕಿತ್ತು ಇಂಟರ್‌ಲಾಕ್ ಹಾಕಿ, ಮೂಲೆಯಲ್ಲಿ ಓಪನ್ ಜಿಮ್ ಮಾಡುತ್ತಾರಂತೆ. ವಾರ್ಡ್ ಸಭೆಗೆ ಹೋಗಿ ಬೇಡ ಅಂದರೆ ನಿಲ್ಲಿಸುತ್ತಾರಾ? (ಬೆಂಗಳೂರಿನ ಓದುಗರು)

ನಿವಾಸಿಗಳು ಬೇಡ ಅಂದ ಮಾತ್ರಕ್ಕೆ ಕಾಮಗಾರಿ ನಿಲ್ಲಲೇಬೇಕು ಅಂತ ಕಾನೂನಿನಲ್ಲಿಲ್ಲ. ಹಾಗಂತ ಸಭೆಗೆ ಹೋಗುವುದು ದಂಡ ಅಂತಲೂ ಅಲ್ಲ. ನೀವು ಯಾವಾಗ ಹೋಗುತ್ತೀರಿ, ನಿಮ್ಮ ಮಾತು ನಡವಳಿ ಪುಸ್ತಕಕ್ಕೆ ಇಳಿಯಿತೋ ಇಲ್ಲವೋ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರಿನಲ್ಲಿ, ಈ ಸಭೆ ನಡೆಸುವ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿಯೇ ಹೇಳಿದೆ. ರಾಜ್ಯದ 2016ರ ನಿಯಮಗಳಲ್ಲಿ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಸದಸ್ಯರು ಎಂದಿತ್ತು. ಅದರಲ್ಲಿ ಮೂವರಾದರೂ ಮಹಿಳೆಯರು, ಇಬ್ಬರಾದರೂ ಸಂಘಸಂಸ್ಥೆಗಳ ಕಡೆಯವರು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ಗೆ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು, ಅವರ ಕುರ್ಚಿಗೆ ಪಾಲಿಕೆ ನೇಮಿಸಿದ ನೋಡಲ್ ಅಧಿಕಾರಿ ಬಂದರು. ಓಟು ಕೇಳಲು ಬರಬೇಕಾದವರಿಗೆ ಇರುವ ಅಂಜಿಕೆ ಅಧಿಕಾರಿಗೆ ಇರುವುದಿಲ್ಲ, ಅದು ಸಹಜ. 2025ರ ಸೆಪ್ಟೆಂಬರ್‌ನಲ್ಲಿ ಇಡೀ ನಗರಕ್ಕೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು, ವಾರ್ಡ್ ಗಡಿಗಳೂ ಬದಲಾದವು. ನಿಮ್ಮ ಪಾರ್ಕು ಈಗ ಯಾವ ಪಾಲಿಕೆಯ, ಯಾವ ವಾರ್ಡಿನ ಪಾಲಿಗೆ ಬಂದಿದೆ ಅಂತ ಮೊದಲು ನೋಡಿಕೊಳ್ಳಿ.

ಇನ್ನು ಸಮಯದ ಮಾತು. ಪಾರ್ಕಿನ ಕೆಲಸವೆಂದರೆ ಮೊದಲು ಎಸ್ಟಿಮೇಟು, ಆಮೇಲೆ ಮಂಜೂರಾತಿ, ಟೆಂಡರು, ಕಾರ್ಯಾದೇಶ. ಜನ ಎಚ್ಚರವಾಗುವುದು ಗೇಟಿನ ಹತ್ತಿರ ಜಲ್ಲಿ ಸುರಿದ ದಿನ. ಅಷ್ಟು ಹೊತ್ತಿಗೆ ಗುತ್ತಿಗೆದಾರ ಠೇವಣಿ ಕಟ್ಟಿ ಸಹಿ ಹಾಕಿರುತ್ತಾನೆ, ಇಂಜಿನಿಯರ್‌ಗೆ ಹಿಂದೆ ಸರಿಯುವ ಮನಸ್ಸಿದ್ದರೂ ದಾರಿ ಇರುವುದಿಲ್ಲ. ಎಸ್ಟಿಮೇಟು ಬರೆಯುವ ಹಂತದಲ್ಲಾದರೆ ಅದೇ ಇಂಜಿನಿಯರ್ ಒಂದು ಸಾಲು ಹೊಡೆದು ಹಾಕಿದರೆ ಕೆಲಸ ಮುಗಿಯಿತು.

ಸಭೆಯಲ್ಲಿ ‘ಪಾರ್ಕು ಹಾಳು ಮಾಡಬೇಡಿ’ ಎಂದರೆ ‘ಪರಿಶೀಲಿಸುತ್ತೇವೆ’ ಅನ್ನುತ್ತಾರೆ, ಮುಂದಿನ ವಿಷಯಕ್ಕೆ ಹೋಗುತ್ತಾರೆ. ಹಾಗಲ್ಲದೆ ‘ಪೂರ್ವದ ಬೇಲಿ ಪಕ್ಕದ ಹೊಂಗೆ ಮರಗಳ ಬುಡದಲ್ಲಿ ಎಷ್ಟು ಅಡಿ ಮಣ್ಣು ಬಿಡುತ್ತೀರಿ? ಮಳೆನೀರು ಎತ್ತ ಹೋಗುತ್ತದೆ? ಈ ಕಾಮಗಾರಿಯ ಜಾಬ್ ಕೋಡ್ (ಪಾಲಿಕೆ ಪ್ರತಿ ಕೆಲಸಕ್ಕೂ ಕೊಡುವ ಸಂಖ್ಯೆ) ಯಾವುದು?’ ಎಂದು ಕೇಳಿ ನೋಡಿ. ಇವಕ್ಕೆ ಹಾರಿಕೆಯ ಉತ್ತರ ಕೊಡುವುದು ಕಷ್ಟ. ಬುಡದವರೆಗೂ ಇಂಟರ್‌ಲಾಕ್ ಒತ್ತಿದರೆ ಬೇರಿಗೆ ನೀರೂ ಗಾಳಿಯೂ ಸರಿಯಾಗಿ ಇಳಿಯುವುದಿಲ್ಲ ಎನ್ನುವುದು ಅವರಿಗೂ ಗೊತ್ತು. ಮಾತಾಡಿದ್ದನ್ನೇ ಬರೆದು, ಪಾಲಿಕೆ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ತಾರೀಖು ಹಾಕಿಸಿಕೊಳ್ಳಿ, ಹಿಂಬರಹ, ಅಂದರೆ ಲಿಖಿತ ಉತ್ತರ, ಕೇಳಿ.

ಒಂದು ಮಾತು ಖಾರವೆನಿಸಬಹುದು. ನಿಮಗೆ ಬೇಡವಾದದ್ದು ಪಕ್ಕದ ಬೀದಿಯವರಿಗೆ ಬೇಕಾಗಿರಬಹುದು. ಮಂಡಿನೋವಿನ ಅಜ್ಜಿಗೆ ಸಮತಟ್ಟು ಹಾದಿ ಬೇಕು, ಹುಡುಗರಿಗೆ ಚೆಂಡು ಆಡಲು ಬಯಲು ಬೇಕು. ಕೆಲಸದ ದಿನ ಬೆಳಿಗ್ಗೆ ನಡೆಯುವ ಸಭೆಗೆ ಬರುವವರು ಮಾತ್ರ ಬಹುಪಾಲು ನಿವೃತ್ತರು. ಮನೆಗೆಲಸದವರು, ಮಧ್ಯಾಹ್ನ ಕಲ್ಲುಬೆಂಚಿನ ಮೇಲೆ ಬುತ್ತಿ ಬಿಚ್ಚುವ ಡೆಲಿವರಿ ಹುಡುಗರು ಅಲ್ಲಿ ಕಾಣುವುದಿಲ್ಲ. 2024ರಲ್ಲಿ ನಗರದ ಪಾರ್ಕುಗಳನ್ನು ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ತೀರ್ಮಾನವಾಯಿತು. ಅದರಿಂದ ಹೆಚ್ಚು ಅನುಕೂಲವಾದದ್ದು ಇಂಥವರಿಗೇ ಅಂತ ನನ್ನ ಲೆಕ್ಕ. ‘ನಿವಾಸಿಗಳ ಅಭಿಪ್ರಾಯ’ ಅಂತ ಸಹಿ ಸಂಗ್ರಹಿಸುವ ಮುನ್ನ ಅವರನ್ನೂ ಒಂದು ಮಾತು ಕೇಳಿ.

ಇದಿಷ್ಟೂ ಪಾರ್ಕು ಪಾರ್ಕಾಗಿಯೇ ಉಳಿಯುವ ಸಂದರ್ಭಕ್ಕೆ. ಅದೇ ಜಾಗದಲ್ಲಿ ಕಟ್ಟಡ, ಮಳಿಗೆ, ಪಾರ್ಕಿಂಗ್ ಬರುತ್ತದೆ ಅನ್ನುವುದಾದರೆ ಲೆಕ್ಕವೇ ಬೇರೆ. ಆಗ ಸಭೆಯ ಬಹುಮತಕ್ಕಿಂತ ಕಾನೂನು ದೊಡ್ಡದು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಬೇರೆ ಉದ್ದೇಶಕ್ಕೆ ಬಳಸದಂತೆ ತಡೆಯಲೆಂದೇ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಮುಖ್ಯಮಂತ್ರಿಯ ಸೂಚನೆಯಂತೆ ಆದ ಹಂಚಿಕೆ ಅದು. 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದೇ ಹೆಸರಾದ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಂಚಿಕೆ ಅಸಿಂಧು ಎಂದಿತು. ಪಾರ್ಕಿನ ವಿಷಯದಲ್ಲಿ ಕೋರ್ಟಿಗೆ ಬರುವ ಹಕ್ಕು ಆ ಬಡಾವಣೆಯ ಜನರಿಗೆ ಇದೆ ಎಂದೂ ಹೇಳಿತು. ಆಸ್ಪತ್ರೆಯೂ ಒಳ್ಳೆಯ ಕೆಲಸವಲ್ಲವೇ ಎಂಬ ವಾದ ಅಲ್ಲಿ ನಡೆಯಲಿಲ್ಲ.

ನಿಮ್ಮ ಪ್ರಶ್ನೆಯ ಇಂಟರ್‌ಲಾಕ್ ಮತ್ತು ಜಿಮ್ಮಿಗೆ ಅಷ್ಟು ದೂರ ಹೋಗಬೇಕಿಲ್ಲ. ಎಸ್ಟಿಮೇಟಿನ ಪ್ರತಿ ಕೈಗೆ ಸಿಕ್ಕರೆ ಅರ್ಧ ಕೆಲಸವಾದಂತೆ. ಕೇಳಿದರೆ ಕೊಡದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗೆ ಇರಬೇಕು. ಆದ್ದರಿಂದ ಬೀದಿದೀಪ, ಮೋರಿಯ ದೂರುಗಳನ್ನು ಅದೇ ಹಾಳೆಗೆ ತುರುಕಬೇಡಿ.