ಶೆರ್ಪಾ ಹೆಣ್ಣುಮಗಳಿಗೆ ಗೈಡ್ ಪ್ರಮಾಣಪತ್ರ ಏಕೆ?

ಪ್ರಶ್ನೆ: ದಾವಾ ಯಾಂಗ್‌ಝುಮ್ ಶೆರ್ಪಾ ಹುಟ್ಟಿ ಬೆಳೆದದ್ದೇ ಹಿಮಾಲಯದಲ್ಲಿ. ಬೆಟ್ಟ ಹತ್ತುವುದು ಅವರಿಗೆ ರಕ್ತಗತ. ಹೀಗಿರುವಾಗ ಅವರು ಅಂತರರಾಷ್ಟ್ರೀಯ ಗೈಡ್ ಪ್ರಮಾಣಪತ್ರ ಪಡೆದದ್ದು ಅಷ್ಟು ದೊಡ್ಡ ಸಾಧನೆ ಹೇಗಾಗುತ್ತದೆ?

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಹಿಂದೆ ಚುಟುಕಾಗಿ ಕೊಟ್ಟ ಉತ್ತರಗಳು ಸಾಲಲಿಲ್ಲವೆಂದು ತೋರುವುದರಿಂದ ಈ ಸಲ ಬಿಡಿಸಿ ಹೇಳುತ್ತೇನೆ.

ದಾವಾ ಅವರ ಊರಿನ ಹೆಸರು 'ನಾ'. ನೇಪಾಳದ ರೋಲ್ವಾಲಿಂಗ್ ಕಣಿವೆಯಲ್ಲಿ ಸುಮಾರು 4,200 ಮೀಟರ್ ಎತ್ತರದಲ್ಲಿರುವ, ಆಲೂಗಡ್ಡೆ ಬೆಳೆದು ಯಾಕ್ ಸಾಕುವ ಹಳ್ಳಿ ಅದು. ಊರಿನ ಗಂಡಸರು ಎವರೆಸ್ಟ್ ತಂಡಗಳೊಂದಿಗೆ ದುಡಿಯಲು ಹೋಗಿ ಬರುವುದನ್ನು ನೋಡುತ್ತ ಬೆಳೆದ ಅವರು ಹದಿಹರೆಯದಲ್ಲೇ ಚಾರಣಿಗರ ಸಾಮಾನು ಹೊರುವ ಕೆಲಸಕ್ಕೆ ಇಳಿದರು. 2012ರಲ್ಲಿ ಎವರೆಸ್ಟ್ ಏರಿದರು. 2014ರ ಜುಲೈ 26ರಂದು ಮಾಯಾ ಶೆರ್ಪಾ ಮತ್ತು ಪಾಸಾಂಗ್ ಲಾಮು ಶೆರ್ಪಾ ಅಕಿತಾ ಅವರೊಂದಿಗೆ 8,611 ಮೀಟರ್‌ನ ಕೆ2 ಶಿಖರ ಮುಟ್ಟಿದರು. 2018ರ ಹೊತ್ತಿಗೆ, ಪರ್ವತ ಗೈಡ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ ಪ್ರಮಾಣಪತ್ರ ಪಡೆದ ನೇಪಾಳದ ಮೊದಲ ಮಹಿಳೆಯಾದರು. 2024ರ ಅಕ್ಟೋಬರ್‌ನಲ್ಲಿ ಶಿಶಾಪಾಂಗ್ಮಾ ಏರುವುದರೊಂದಿಗೆ, ಎಂಟು ಸಾವಿರ ಮೀಟರ್ ಮೀರಿದ ಹದಿನಾಲ್ಕೂ ಶಿಖರಗಳನ್ನು ಮುಗಿಸಿದರು.

ಈಗ 'ರಕ್ತಗತ' ಎಂಬ ಮಾತಿಗೆ ಬರೋಣ. ಇದರಲ್ಲಿ ಒಂದು ಪಾಲು ಸತ್ಯವಿದೆ, ಅದಕ್ಕೇ ಈ ನಂಬಿಕೆ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿದೆ. ಟಿಬೆಟನ್ನರಲ್ಲೂ ಶೆರ್ಪಾಗಳಲ್ಲೂ ಇಪಿಎಎಸ್1 ಎಂಬ ಜೀನ್‌ನ ವಿಶಿಷ್ಟ ರೂಪವೊಂದು ಹೆಚ್ಚಾಗಿ ಕಾಣಸಿಗುತ್ತದೆ. ಎತ್ತರಕ್ಕೆ ಹೋದಾಗ ನಮ್ಮ ರಕ್ತದಲ್ಲಿ ಹಿಮೋಗ್ಲೋಬಿನ್ ಏರಿ ರಕ್ತ ದಪ್ಪವಾಗುವ ಹಾಗೆ ಅವರಲ್ಲಿ ಆಗುವುದಿಲ್ಲ. ಇರುವಷ್ಟು ಆಮ್ಲಜನಕವನ್ನು ಅವರ ಸ್ನಾಯುಗಳು ಹೆಚ್ಚು ಮಿತವ್ಯಯದಿಂದ ಬಳಸುತ್ತವೆ. ಆದರೆ ಹುಟ್ಟಿನಿಂದ ಬರುವ ಸೌಲಭ್ಯ ಅಲ್ಲಿಗೇ ಮುಗಿಯುತ್ತದೆ. ಹಗ್ಗ ಕಟ್ಟುವುದನ್ನು ಯಾವ ಜೀನೂ ಕಲಿಸುವುದಿಲ್ಲ.

ಒಂದೇ ಸಂದರ್ಭವನ್ನು ಗಮನಿಸಿ. ಹಿಮನದಿಯ ಮೇಲೆ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುತ್ತಿರುವ ಇಬ್ಬರಲ್ಲಿ ಒಬ್ಬರು ಹಿಮ ಮುಚ್ಚಿದ ಬಿರುಕಿಗೆ ಬೀಳುತ್ತಾರೆ. ಗೈಡ್ ತಕ್ಷಣ ಹಿಮಕ್ಕೆ ಬಿದ್ದು, ಐಸ್ ಆ್ಯಕ್ಸ್ ಊರಿ, ಬಿದ್ದವರ ಪೂರ್ತಿ ಭಾರವನ್ನು ತಮ್ಮ ಮೈಮೇಲೆ ತಡೆಯಬೇಕು. ಆ ಭಾರ ಬಿಡದೆಯೇ ಹಿಮ ಅಗೆದು ಗಟ್ಟಿಯಾದ ಆಧಾರವೊಂದನ್ನು ಹೂಳಬೇಕು, ಭಾರ ಬಿದ್ದಾಗ ಹಗ್ಗವನ್ನು ಬಿಗಿದು ಹಿಡಿಯುವ ಪ್ರೂಸಿಕ್ ಗಂಟನ್ನು ಹಗ್ಗದ ಮೇಲೆ ಹಾಕಿ ಭಾರವನ್ನು ಆ ಆಧಾರಕ್ಕೆ ವರ್ಗಾಯಿಸಬೇಕು, ಬಿರುಕಿನ ಅಂಚಿಗೆ ಹಗ್ಗ ಕೊರೆದು ಇಳಿಯದಂತೆ ಚೀಲವನ್ನೋ ಕೋಲನ್ನೋ ಅಡ್ಡ ಇಡಬೇಕು, ಆಮೇಲೆ ಮೂರು ಮೀಟರ್ ಎಳೆದರೆ ಒಂದು ಮೀಟರ್ ಮೇಲೇರುವಂತೆ ರಾಟೆ ಹೂಡಿ ಎಳೆಯಬೇಕು. ಇದರಲ್ಲಿ ಒಂದು ಹೆಜ್ಜೆಯ ಕ್ರಮ ತಪ್ಪಿದರೂ ಇಬ್ಬರೂ ಒಳಗಿರುತ್ತಾರೆ. ಇಳಿಜಾರಿನ ಹಿಮ ಜಾರುವ ಸ್ಥಿತಿಯಲ್ಲಿದೆಯೇ ಎಂದು ಪದರಗಳನ್ನು ಬಗೆದು ಓದುವುದು, ಶಿಖರ ಕಣ್ಣೆದುರಿಗಿದ್ದರೂ ದುಡ್ಡು ಕೊಟ್ಟು ಬಂದವರನ್ನು ಹಿಂದಕ್ಕೆ ತಿರುಗಿಸುವುದು, ಇವೂ ಕಲಿತೇ ಬರಬೇಕಾದ ವಿದ್ಯೆಗಳು.

ಹುಟ್ಟೇ ಸಾಕಾಗುವಂತಿದ್ದರೆ ಎವರೆಸ್ಟ್ ಸೀಮೆಯಾದ ಖುಂಬುವಿನ ಫೋರ್ಚೆ ಗ್ರಾಮದಲ್ಲಿ 2003ರಲ್ಲಿ ಆರೋಹಣ ತರಬೇತಿ ಕೇಂದ್ರ ತೆರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಎತ್ತರದಲ್ಲಿ ದುಡಿಯುವ ನೇಪಾಳಿಗಳಿಗೆ ಹಗ್ಗದ ವಿದ್ಯೆ ಮತ್ತು ರಕ್ಷಣಾ ಕ್ರಮಗಳನ್ನು ಕಲಿಸಲೆಂದೇ ಅದು ಹುಟ್ಟಿಕೊಂಡಿತು. ದಾವಾ ಅಲ್ಲಿ ಕಲಿತರು, ಮುಂದೆ ಅಲ್ಲಿಯೇ ಕಲಿಸಿದರು. ಅಂತರರಾಷ್ಟ್ರೀಯ ಒಕ್ಕೂಟ 1965ರಲ್ಲೇ ಸ್ಥಾಪನೆಯಾಗಿದ್ದರೂ ನೇಪಾಳದ ಗೈಡ್‌ಗಳ ಸಂಘಕ್ಕೆ ಅದರ ಸದಸ್ಯತ್ವ ದೊರೆತದ್ದು 2012ರಲ್ಲಿ. ಬಂಡೆ, ಮಂಜುಗಡ್ಡೆ, ಹಿಮ, ಪ್ರಥಮ ಚಿಕಿತ್ಸೆ ಹೀಗೆ ಒಂದೊಂದರಲ್ಲೂ ವರ್ಷಗಟ್ಟಲೆ ತರಬೇತಿ ಪಡೆದು ಪರೀಕ್ಷೆ ಪಾಸಾಗಬೇಕಾದ ಆ ಹಾದಿಯಲ್ಲಿ, ತಮ್ಮ ದೇಶದ ಇನ್ನೊಬ್ಬ ಹೆಣ್ಣುಮಗಳು ಮುಂದೆ ನಡೆದದ್ದನ್ನು ಕಾಣದೆಯೇ ದಾವಾ ನಡೆದರು. ಅವರು ಬೆವರು ಸುರಿಸಿ ಗಳಿಸಿದ ವಿದ್ಯೆಯನ್ನು ಹುಟ್ಟಿನ ಖಾತೆಗೆ ಜಮಾ ಮಾಡುವುದು ಅನ್ಯಾಯ. ಹೊಗಳಿಕೆಯ ಧ್ವನಿಯಲ್ಲಿ ಹೇಳಿದರೂ ಅದು ಅನ್ಯಾಯವೇ.

ಯಾರೂ ಕೇಳದ ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ದಾವಾ ಅವರ ಮೊದಲ ಕೆಲಸ ಹೊರೆ ಹೊರುವುದು ಎಂದೆನಷ್ಟೆ. ಎವರೆಸ್ಟ್ ಬೇಸ್ ಕ್ಯಾಂಪ್ ಹಾದಿಯಲ್ಲಿ ನಾವು ಕಾಣುವ ಪೋರ್ಟರ್‌ಗಳಲ್ಲಿ ಬಹಳಷ್ಟು ಜನ ಶೆರ್ಪಾಗಳಲ್ಲ. ಕೆಳಗಿನ ಗುಡ್ಡಗಳಿಂದ ಬರುವ ರಾಯ್, ತಮಾಂಗ್, ಮಗರ್ ಸಮುದಾಯಗಳವರು. ಡೋಕೊ ಎಂಬ ಬಿದಿರು ಬುಟ್ಟಿಯನ್ನು ಬೆನ್ನಿಗಿಟ್ಟು, ನಾಮ್ಲೊ ಎಂಬ ಪಟ್ಟಿಯನ್ನು ಹಣೆಗೆ ಕೊಟ್ಟು ನಡೆಯುವ ಅವರು, ದಣಿದಾಗ ಹೊರೆ ಇಳಿಸದೆ, ಗಿಡ್ಡ ಕೋಲೊಂದನ್ನು ಬುಟ್ಟಿಯ ಅಡಿಗೆ ಆನಿಸಿ ನಿಂತೇ ಉಸಿರು ತೆಗೆದುಕೊಳ್ಳುತ್ತಾರೆ. ಅದೇ ಹಾದಿಯ ಪೇಟೆಯಾದ ನಾಮ್ಚೆ ಬಜಾರಿಗೆ ಸರಕು ಹೊರುವವರ ಬಗ್ಗೆ 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಗಂಡಸರು ಸರಾಸರಿ ತಮ್ಮ ದೇಹತೂಕದ ಶೇ 93ರಷ್ಟು, ಹೆಂಗಸರು ಶೇ 66ರಷ್ಟು ಭಾರ ಹೊರುತ್ತಿದ್ದರು. ಚಾರಣದ ಪೋರ್ಟರ್‌ಗಳಿಗೆ 30 ಕಿಲೋ ಮಿತಿ ಇದೆ. ಬೆಂಗಳೂರಿನಿಂದ ಗುಂಪು ಕಟ್ಟಿಕೊಂಡು ಹೊರಡುವವರು ಮುಂಗಡ ಕಟ್ಟುವ ಮುನ್ನವೇ ಏಜೆನ್ಸಿಯವರನ್ನು ಕೇಳಿ: ಒಬ್ಬ ಪೋರ್ಟರ್ ಎಷ್ಟು ಜನರ ಚೀಲ ಹೊರುತ್ತಾನೆ, ಅವನಿಗೆ ವಿಮೆ ಇದೆಯೇ, ಹಿಮ ಬಿದ್ದರೆ ತೊಡಲು ಅವನಿಗೆ ಸರಿಯಾದ ಬೂಟು ಕೊಟ್ಟಿದ್ದೀರಾ?