ಒಂದೇ ಪುಡಿ, ಎರಡು ಊರು, ಎರಡು ದೂರು

ಕೆಲವು ವರ್ಷಗಳ ಹಿಂದೆ ನಾನು ಬೆರೆಸಿದ ಒಂದು ಮಸಾಲೆ ಟೀ ಪುಡಿಗೆ ಒಂದೇ ವಾರದಲ್ಲಿ ಎರಡು ದೂರು ಬಂದವು. ಹುಬ್ಬಳ್ಳಿಯ ಚಹಾದಂಗಡಿಯವರು ಫೋನ್ ಮಾಡಿ, "ಮಸಾಲಿ ಎಲ್ಲೈತ್ರೀ ಇದ್ರಾಗ? ಬರೇ ಹಾಲು ಕುಡದಂಗ ಆಗ್ತೈತಿ" ಅಂದರು. ಎರಡು ದಿನ ಬಿಟ್ಟು ಮೈಸೂರಿನಿಂದ ಇನ್ನೊಬ್ಬರು, "ಏನ್ ಸಾರ್, ಟೀ ಪುಡಿ ಕೇಳಿದ್ರೆ ಕಷಾಯದ ಪುಡಿ ಕಳ್ಸಿದ್ದೀರಾ?" ಅಂದರು. ಬ್ಯಾಚ್ ನಂಬರ್ ತೆಗೆದು ನೋಡಿದೆ. ಎರಡೂ ಒಂದೇ. ಒಂದೇ ದಿನ, ಒಂದೇ ಡ್ರಮ್ಮಿನಲ್ಲಿ ಬೆರೆಸಿದ್ದು.

ಟೀ ರುಚಿ ನೋಡುವುದು, ಬೆರೆಸುವುದು ನನ್ನ ಕಸುಬು. ಆಗ ನನಗೂ ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆಯುವಂಥದ್ದೇ. ಆ ಕಡೆಯವರಿಗೆ ಖಾರ ಜಾಸ್ತಿ ಬೇಕು, ಈ ಕಡೆಯವರಿಗೆ ಮೆತ್ತಗಿರಬೇಕು, ಎರಡು ಥರದ ಪುಡಿ ಮಾಡಿದರಾಯ್ತು. ಆದರೂ ಸುಮ್ನೆ ಒಮ್ಮೆ ಎರಡೂ ಕಡೆ ಹೋಗಿ, ಒಲೆಯ ಪಕ್ಕ ನಿಂತು ನೋಡಿಬಂದೆ. ಹೋಗಿದ್ದು ಒಳ್ಳೆಯದಾಯ್ತು.

ಹುಬ್ಬಳ್ಳಿಯಲ್ಲಿ ಪಾತ್ರೆಗೆ ಬಿದ್ದದ್ದು ಗಟ್ಟಿ ಎಮ್ಮೆ ಹಾಲು. ನೀರು ಹೆಸರಿಗೆ ಮಾತ್ರ. ಕಪ್ಪಿಗೆ ಎರಡು ಚಮಚದ ಲೆಕ್ಕದಲ್ಲಿ ಸಕ್ಕರೆ. ಹಾಲು ಕುದಿಯುವಾಗ ಪುಡಿಯನ್ನು ನೇರ ಅದಕ್ಕೇ ಸುರಿದರು, ಎರಡು ಉಕ್ಕು ಬಂದ ಕೂಡಲೇ ಸೋಸಿದರು. ಮೈಸೂರಿನ ಮನೆಯಲ್ಲಿ ಟೋನ್ಡ್ ಹಾಲಿನ ಪ್ಯಾಕೆಟ್, ಅರ್ಧಕ್ಕೆ ಅರ್ಧ ನೀರು, ಸಕ್ಕರೆ ಅರ್ಧ ಚಮಚ. ಪುಡಿ ಹಾಕಿದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿದರು. ನಡುವೆ ಅವರು ಹಾಲ್‌ಗೆ ಹೋಗಿ ಪೇಪರ್ ಕೂಡ ಓದಿ ಬಂದರು.

ಎರಡೂ ಕಡೆ ಕುಡಿದೆ. ಇಬ್ಬರು ಹೇಳಿದ್ದೂ ನಿಜ. ಆದರೆ ತಕರಾರು ಇದ್ದದ್ದು ಮಸಾಲೆಯಲ್ಲಿ ಅಲ್ಲ. ಅಲ್ಲಿಂದೀಚೆಗೆ ಯಾರಾದರೂ ಮಸಾಲೆ ಹೆಚ್ಚಾಯ್ತು, ಕಡಿಮೆಯಾಯ್ತು ಅಂದರೆ ನಾನು ಮೊದಲು ಕೇಳುವುದು ಹಾಲು ಯಾವುದು ಅಂತ.

ಹಾಲಿಗೆ ಟೀಯಲ್ಲಿ ಎರಡು ಕೆಲಸ. ಟೀಯ ಒಗರು ಬರುವುದು ಅದರೊಳಗಿನ ಪಾಲಿಫಿನಾಲ್‌ಗಳಿಂದ. ಹಾಲಿನ ಕೇಸಿನ್ ಪ್ರೋಟೀನು ಅವನ್ನು ಹಿಡಿದುಕೊಳ್ಳುತ್ತದೆ, ನಾಲಿಗೆಗೆ ತಾಗಲು ಬಿಡುವುದಿಲ್ಲ. ಇನ್ನು ಮಸಾಲೆಯ ಘಮವೆಲ್ಲ ಎಣ್ಣೆಯ ಜಾತಿಯದು, ಕೊಬ್ಬು ಕಂಡರೆ ಅದರೊಳಗೆ ಸೇರಿಕೊಳ್ಳುತ್ತದೆ. ಅಲ್ಲಿಂದ ಮೂಗಿಗೆ ನಿಧಾನವಾಗಿ ಬರುತ್ತದೆ. ಪ್ಯಾಕೆಟ್ ಹಾಲಿನಲ್ಲಿ ಟೋನ್ಡ್ ಅಂದರೆ 3% ಕೊಬ್ಬು, ಸ್ಟ್ಯಾಂಡರ್ಡ್ ಅಂದರೆ 4.5%, ಫುಲ್ ಕ್ರೀಮ್ ಅಂದರೆ 6%. ಎಮ್ಮೆ ಹಾಲು ಹಲವು ಸಲ ಅದಕ್ಕಿಂತಲೂ ಜಾಸ್ತಿ. ಮೂರರಿಂದ ಆರಕ್ಕೆ ಹೋದರೆ ಕೊಬ್ಬು ದುಪ್ಪಟ್ಟು. ಅದೇ ಚಿಟಿಕೆ ಮಸಾಲೆ ಅಲ್ಲಿ ಎಲ್ಲಿ ಕಾಣಬೇಕು? ಮೇಲೆ ಸಕ್ಕರೆ ಬೇರೆ. ಸಿಹಿ ಜಾಸ್ತಿಯಾದಷ್ಟೂ ಕಹಿ, ಒಗರು, ಖಾರ ಎಲ್ಲವೂ ತಲೆ ತಗ್ಗಿಸುತ್ತವೆ. ಡಾಕ್ಟರು ಹೇಳಿದರು ಅಂತ ಸಕ್ಕರೆ ಬಿಟ್ಟವರಿಗೆ ಹಳೆಯ ಮಸಾಲೆ ಟೀಯೇ ಇದ್ದಕ್ಕಿದ್ದಂತೆ ಗಂಟಲಿಗೆ ಚುಚ್ಚುವುದು ಇದಕ್ಕೇ.

ಟೀ ಪುಡಿಯ ಕಡೆ ಬರೋಣ. ನಮ್ಮ ಟೇಸ್ಟಿಂಗ್ ರೂಮಿನಲ್ಲಿ ಉದ್ದ ಮೇಜಿನ ಮೇಲೆ ಬಿಳಿ ಪಿಂಗಾಣಿಯ ಪುಟ್ಟ ಮುಚ್ಚಳದ ಕಪ್ಪುಗಳ ಸಾಲು ಇರುತ್ತದೆ. ಒಂದೊಂದಕ್ಕೂ 2.8 ಗ್ರಾಂ ಪುಡಿ, ಸುಮಾರು 140 ಮಿಲಿ ಕುದಿನೀರು, ಐದಾರು ನಿಮಿಷ. ಬಸಿದು, ಸ್ವಲ್ಪ ಹಾಲು ಹಾಕಿ, ಚಮಚದಲ್ಲಿ ತೆಗೆದು ಸುರ್ ಅಂತ ಸದ್ದು ಮಾಡಿ ಎಳೆದು, ಉಗಿಯುತ್ತೇವೆ. ಮನೆಯಲ್ಲಿ ಹೀಗೆ ಮಾಡಿದರೆ ಬೈಸಿಕೊಳ್ಳುತ್ತೇನೆ. ಮಸಾಲೆ ಟೀಗೆ ಪುಡಿ ಆರಿಸುವಾಗ ನಾನು ಹುಡುಕುವುದು ಮೈಕಟ್ಟು. ಹಾಲು ಬಿದ್ದ ಮೇಲೂ ಕಪ್ಪಿನಲ್ಲಿ ಟೀ ಕೆಂಪಗಿರಬೇಕು, ನಾಲಿಗೆಯ ಅಂಚು ಚುರ್ ಅನ್ನಬೇಕು. ಈ ಚುರುಕಿಗೆ ನಮ್ಮಲ್ಲಿ ಬ್ರಿಸ್ಕ್ ಅನ್ನುತ್ತಾರೆ. ಅಸ್ಸಾಮಿನ ಸಿಟಿಸಿ ಪುಡಿಯಲ್ಲಿ (ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುತ್ತಿ ಕಾಳು ಮಾಡಿದ್ದು), ಅದರಲ್ಲೂ ಜೂನ್ ಹೊತ್ತಿನ ಎರಡನೇ ಕುಯ್ಲಿನದರಲ್ಲಿ, ಇದು ಧಾರಾಳ. ನೀಲಗಿರಿಯ ಒಳ್ಳೆಯ ಟೀಗೆ ಹೂವಿನಂಥ ತೆಳು ಘಮ ಇರುತ್ತದೆ. ಅದಕ್ಕೆ ಲವಂಗ ಹಾಕುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹಾಕುವವರು ಹಾಕುತ್ತಾರೆ, ಅವರ ದುಡ್ಡು.

ಕಾಳಿನ ಗಾತ್ರದಲ್ಲೂ ಪ್ರಾಂತ್ಯಪ್ರಾಂತ್ಯಕ್ಕೆ ಬೇರೆ ಹಟ. ದಕ್ಷಿಣದಲ್ಲಿ ನಮಗೆ ಡಸ್ಟ್, ಅಂದರೆ ತೀರ ನುಣ್ಣನೆಯ ಪುಡಿ, ಬೇಕು. ಹೋಟೆಲಿನಲ್ಲಿ ಬಟ್ಟೆ ಚೀಲದೊಳಗೆ ಪುಡಿ ಹಾಕಿ ಬಿಸಿನೀರು ಬಿಟ್ಟರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಣ್ಣ ಇಳಿಯಬೇಕು, ಕಾಫಿ ಡಿಕಾಕ್ಷನ್ ಥರ. ಗುಜರಾತಿನವರು ದಪ್ಪ ಕಾಳಿನ ಪುಡಿ ಕೇಳುತ್ತಾರೆ, ಹಾಲಿನಲ್ಲಿ ಹೊತ್ತು ಹಾಕಿ ಕುದಿಸುತ್ತಾರೆ, ಜೊತೆಗೆ ಪುದೀನ, ಮಜ್ಜಿಗೆ ಹುಲ್ಲು. ಮಸಾಲೆ ಟೀ ಅಂದರೆ ಏನು ಎಂಬ ಜಗಳ ಇಲ್ಲಿಂದಲೇ ಶುರು. ಅಹಮದಾಬಾದಿನವರಿಗೆ ಹಸಿರೆಲೆ ಇಲ್ಲದಿದ್ದರೆ ಏನೋ ಬಿಟ್ಟುಹೋದ ಹಾಗೆ. ನಮ್ಮವರಿಗೆ ಟೀಯಲ್ಲಿ ಪುದೀನ ಸಿಕ್ಕರೆ ಚಟ್ನಿಯ ನೆನಪು.

ಅಂದಹಾಗೆ, ಈ ಕುದಿಸಿದ ಹಾಲು-ಮಸಾಲೆಯ ಟೀ ಅನಾದಿ ಕಾಲದ್ದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಮಸಾಲೆಯ ಕಷಾಯ ಹಳೆಯದು, ನಿಜ. ಟೀ ಮಾತ್ರ ನಮ್ಮ ಮನೆಮನೆಗೆ ಬಂದದ್ದು ತೀರ ಈಚೆಗೆ. 1903ರಲ್ಲಿ ಬ್ರಿಟಿಷ್ ಸರ್ಕಾರ ಟೀ ಮೇಲೆ ಸೆಸ್ ಹಾಕಿತು. ಆ ದುಡ್ಡಿನಲ್ಲಿ ಮುಂದೆ ರೈಲ್ವೆ ಸ್ಟೇಷನ್, ಸಂತೆ, ಕಾರ್ಖಾನೆಗಳಲ್ಲಿ ಟೀ ಕುಡಿಸಿ ಚಟ ಹತ್ತಿಸುವ ಪ್ರಚಾರ ನಡೆಯಿತು. ಅವರು ಕಲಿಸಿದ್ದು ಇಂಗ್ಲಿಷರ ಪದ್ಧತಿ. ಪುಡಿ ಬೇರೆ ನೆನೆಸಿ, ಹಾಲು ಬೇರೆ ಹಾಕಿ. ನಮ್ಮ ಚಹಾದಂಗಡಿಯವರು ತಲೆ ಆಡಿಸಿ, ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿದರು. ದುಬಾರಿ ಎಲೆ ಕಡಿಮೆ ಹಾಕಬಹುದಿತ್ತಲ್ಲ! 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಸಿಟಿಸಿ ಯಂತ್ರ ಬಂದು, ಸ್ವಾತಂತ್ರ್ಯದ ನಂತರ ಆ ಅಗ್ಗದ ಕಡಕ್ ಪುಡಿ ಎಲ್ಲ ಕಡೆ ಹರಡಿದ ಮೇಲೆ ಈ ಪದ್ಧತಿಯೇ ಗೆದ್ದಿತು.

ಮಸಾಲೆಯಲ್ಲಿ ನನ್ನನ್ನು ಹೆಚ್ಚು ಆಟ ಆಡಿಸಿರುವುದು ಶುಂಠಿ. ತಂಗಿಯ ಮಗುವಿನ ನಾಮಕರಣಕ್ಕೆ, ಮನೆಯಲ್ಲೇ ಟೀ ಎಕ್ಸ್‌ಪರ್ಟ್ ಇರುವಾಗ ಅಡುಗೆಯವರು ಯಾಕೆ ಅಂತ ನಲವತ್ತು ಕಪ್ ಟೀ ನನಗೇ ಒಪ್ಪಿಸಿದರು. ತಣ್ಣನೆ ಹಾಲಿಗೆ ಜಜ್ಜಿದ ಹಸಿ ಶುಂಠಿ ಹಾಕಿ ದೊಡ್ಡ ಪಾತ್ರೆಯನ್ನು ಒಲೆಯ ಮೇಲಿಟ್ಟೆ. ದೊಡ್ಡ ಪಾತ್ರೆ, ಸಣ್ಣ ಉರಿ. ಕುದಿ ಬರುವ ಮೊದಲೇ ಹಾಲು ಕಟ್ಟಿಕೊಂಡಿತು. ನೆಂಟರೊಬ್ಬರು ಹಾಲಿನವನನ್ನು ಬೈದರು. ನಾನು ಸುಮ್ಮನಿದ್ದೆ. ತಪ್ಪು ನನ್ನದು ಅಂತ ಗೊತ್ತಿತ್ತು.

ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವ ಇದೆ, ಜಿಂಜಿಬೇನ್ ಅಂತ. ಹಾಲು ಬೆಚ್ಚಗಾಗುತ್ತಾ ಹೋಗುವಾಗ ಅದಕ್ಕೆ ಹಬ್ಬ. ಚೀನಾದ ದಕ್ಷಿಣದಲ್ಲಿ ಇದನ್ನೇ ಉಪಯೋಗಿಸಿಕೊಂಡು ಶುಂಠಿ ರಸದ ಮೇಲೆ ಬಿಸಿ ಹಾಲು ಸುರಿದು, ಗಿಣ್ಣಿನ ಥರ ಗಟ್ಟಿಯಾದದ್ದನ್ನು ಚಮಚದಲ್ಲಿ ತಿನ್ನುತ್ತಾರೆ. ನಮಗೆ ಬೇಕಿರುವುದು ಗಿಣ್ಣಲ್ಲ. ಶುಂಠಿಯನ್ನು ಮೊದಲು ನೀರಿನಲ್ಲಿ ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಿದರೆ ಕಿಣ್ವ ಸಾಯುತ್ತದೆ. ಆಮೇಲೆ ಹಾಲು ಹಾಕಿ, ಏನೂ ಆಗುವುದಿಲ್ಲ. ಪ್ಯಾಕೆಟ್ ಪುಡಿಗಳಲ್ಲಿ ಇರುವುದು ಒಣಶುಂಠಿ. ಒಣಗುವಾಗ ಶುಂಠಿಯ ಖಾರದ ಗುಣವೇ ಬದಲಾಗಿ ಇನ್ನೂ ಚೂಪಾಗುತ್ತದೆ, ಹಸಿಯ ನಿಂಬೆಯಂಥ ತಾಜಾತನ ಹೋಗುತ್ತದೆ. ಖಾರ ನಾಲಿಗೆಗಲ್ಲ, ನುಂಗಿದ ಮೇಲೆ ಗಂಟಲಿಗೆ ಸಿಗುತ್ತದೆ. ಪ್ಯಾಕೆಟ್ ಮಸಾಲೆ ಯಾಕೋ ಮನೆಯದರ ಹಾಗೆ ಇಲ್ಲ ಅನ್ನುವವರ ನಾಲಿಗೆ ಸರಿಯಾಗಿಯೇ ಇದೆ.

ಏಲಕ್ಕಿ ಇದಕ್ಕೆ ತದ್ವಿರುದ್ಧ. ಅದರ ಘಮ ಹಗುರ, ಹಬೆಯ ಜೊತೆ ಹಾರಿಹೋಗುತ್ತದೆ. ಮೈಸೂರಿನ ಮನೆಯಲ್ಲಿ ಹತ್ತು ನಿಮಿಷ ಕುದ್ದಾಗ ಅಡುಗೆಮನೆಯೆಲ್ಲ ಏಲಕ್ಕಿ, ಕಪ್ಪಿನಲ್ಲಿ ಇಲ್ಲ. ಉಳಿದದ್ದು ಲವಂಗ, ಮೆಣಸು, ಟೀಯ ಒಗರು. ಅದಕ್ಕೇ ಅದು ಕಷಾಯ. ಏಲಕ್ಕಿಯನ್ನು ಕಡೆಯ ಅರ್ಧ ನಿಮಿಷಕ್ಕೆ ಜಜ್ಜಿ ಹಾಕಿ, ಒಲೆ ಆರಿಸಿ, ಮುಚ್ಚಿಡಿ. ಎಣ್ಣೆ ಇರುವುದು ಹೆಚ್ಚೂಕಡಿಮೆ ಬೀಜದಲ್ಲೇ, ಸಿಪ್ಪೆಯಲ್ಲಿ ಅಷ್ಟಕ್ಕಷ್ಟೇ. 8 ಮಿಲಿಮೀಟರಿನ ದಪ್ಪ ಹಸಿರು ಏಲಕ್ಕಿಗೆ ಕೊಡುವ ದುಡ್ಡಿನಲ್ಲಿ ಅರ್ಧ ಅದರ ಅಂದಕ್ಕೆ. ಟೀಗೆ ಸಣ್ಣದು, ಬಾಯಿ ಬಿಟ್ಟದ್ದು ಕೂಡ ಸಾಕು, ಒಳಗಿನ ಬೀಜ ಕಪ್ಪಗೆ ಜಿಗಿಯಾಗಿದ್ದರೆ.

ಲವಂಗಕ್ಕೆ ಒಂದೇ ಮಾತು: ನಾಲ್ಕು ಕಪ್ಪಿಗೆ ಒಂದು. ಹಲ್ಲಿನ ಡಾಕ್ಟರ ಹತ್ತಿರ ಬರುವ ವಾಸನೆ ಅದರ ಯೂಜಿನಾಲ್‌ನದೇ. ಜಾಸ್ತಿಯಾದರೆ ನಾಲಿಗೆ ಜೋಮು ಹಿಡಿದು ಬೇರೇನೂ ತಿಳಿಯುವುದಿಲ್ಲ. ಚಕ್ಕೆ ಸಿಹಿಯ ಭ್ರಮೆ ಕೊಡುತ್ತದೆ, ಸಕ್ಕರೆ ಕಡಿಮೆ ಮಾಡುವವರಿಗೆ ಒಳ್ಳೆಯದು. ಬೆಲ್ಲ ಹಾಕುವವರು ಒಲೆ ಆರಿಸಿದ ಮೇಲೆ ಹಾಕಿ. ಕೆಲವು ಬೆಲ್ಲದಲ್ಲಿ ಹುಳಿ ಇರುತ್ತದೆ, ಕುದಿಯುವಾಗ ಹಾಕಿದರೆ ಹಾಲು ಒಡೆಯುತ್ತದೆ.

ಇಷ್ಟೆಲ್ಲ ಸರಿ ಮಾಡಿದರೂ ಇಷ್ಟಾನಿಷ್ಟ ಒಂದಿಷ್ಟು ಉಳಿದೇ ಉಳಿಯುತ್ತದೆ. ಅದು ನಾಲಿಗೆಯದಲ್ಲ, ನೆನಪಿನದು ಅಂತ ನನ್ನ ಲೆಕ್ಕ. ಮಲೆನಾಡು, ಕರಾವಳಿಯಲ್ಲಿ ಬೆಳೆದವರಿಗೆ ಮೆಣಸು, ಜೀರಿಗೆ, ಒಣಶುಂಠಿ ಅಂದರೆ ಶೀತ ಆದಾಗ ಅಜ್ಜಿ ಮೂಗು ಹಿಡಿದು ಕುಡಿಸಿದ ಕಷಾಯ. ಟೀಯಲ್ಲಿ ಅದೇ ಘಾಟು ಬಂದರೆ ಮೈ ಹುಷಾರಿಲ್ಲವೇನೋ ಅನಿಸುತ್ತದೆ. ಏಲಕ್ಕಿ ಅಂದರೆ ಪಾಯಸ, ಹಬ್ಬ. ನಾನು ಕರ್ನಾಟಕದಲ್ಲಿ ಎಲ್ಲಿ ರುಚಿ ನೋಡಿಸಿದರೂ ಏಲಕ್ಕಿ ಟೀಯನ್ನು ಬೇಡ ಅಂದವರನ್ನು ಕಂಡದ್ದು ಅಪರೂಪ. ಸೋಂಪು ಹಾಕಿದ ಟೀ ಉತ್ತರದ ಕಡೆ ಎಷ್ಟೋ ಜನಕ್ಕೆ ಪ್ರಾಣ. ನಮ್ಮವರು ಒಂದು ಗುಟುಕು ಕುಡಿದು, "ಊಟ ಆದ್ಮೇಲೆ ಬಾಯಿಗೆ ಹಾಕ್ಕೊಳ್ಳೋದಲ್ವಾ ಇದು?" ಅನ್ನುತ್ತಾರೆ. ನನ್ನ ಮನೆಯಲ್ಲೇ ಎರಡು ಪಾತ್ರೆ. ಹೆಂಡತಿಗೆ ಬರೀ ಏಲಕ್ಕಿ, ನನಗೆ ಮೆಣಸು ಇರಬೇಕು.

ನೀರನ್ನೂ ಮರೆಯಬೇಡಿ. ಬೆಂಗಳೂರಿನಲ್ಲಿ ಕಾವೇರಿ ನೀರಿನ ಮನೆಯಿಂದ ಬೋರ್‌ವೆಲ್ ನೀರಿನ ಮನೆಗೆ ಬದಲಾದವರು ಟೀ ಪುಡಿಯ ಬ್ರಾಂಡ್ ಬದಲಿಸಿ ಬದಲಿಸಿ ಸುಸ್ತಾಗಿರುತ್ತಾರೆ. ಗಡಸು ನೀರಿನಲ್ಲಿ ಟೀಯ ಬಣ್ಣ ಮಂಕು, ಮೇಲೆ ತೆಳ್ಳಗೆ ಎಣ್ಣೆಯಂಥ ಪೊರೆ. ಆ ಪೊರೆ ಕೆನೆ ಅಲ್ಲ. ನೀರಿನ ಕ್ಯಾಲ್ಸಿಯಂ ಟೀಯ ಜೊತೆ ಸೇರಿ ಆದದ್ದು.

ಕೊನೆಗೆ ನಮ್ಮದೇ ತಪ್ಪೊಂದನ್ನೂ ಹೇಳಬೇಕು. ಟೀ ಕಾಳು ದಪ್ಪ, ಮಸಾಲೆ ಹಿಟ್ಟಿನಂತೆ ನುಣ್ಣಗೆ. ಒಂದೇ ಪ್ಯಾಕೆಟ್ಟಿನಲ್ಲಿ ಹಾಕಿ ಲಾರಿಯಲ್ಲಿ ನಾನೂರು ಕಿಲೋಮೀಟರ್ ಕುಲುಕಿದರೆ ಮಸಾಲೆ ತಳಕ್ಕೆ ಇಳಿಯುತ್ತದೆ. ಮೊದಲ ವಾರ ಬರೀ ಟೀ, ಕೊನೆಯ ವಾರ ಬರೀ ಮಸಾಲೆ. ಹುಬ್ಬಳ್ಳಿಯವರು ಹೊಸ ಪ್ಯಾಕೆಟ್ಟಿನ ಮೇಲ್ಭಾಗದಲ್ಲಿದ್ದರು. ಮೈಸೂರಿನವರ ಡಬ್ಬಿಯಲ್ಲಿ ನಾನು ಕಂಡದ್ದು ತಳದ ಎರಡು ಬೆರಳು ಪುಡಿ, ಬೆರಳಿಗೆ ಹಿಟ್ಟು ಮೆತ್ತಿಕೊಳ್ಳುತ್ತಿತ್ತು. ಅಲ್ಲಿಂದ ಮಸಾಲೆಯನ್ನು ಸ್ವಲ್ಪ ತರಿಯಾಗಿ ಒಡೆಸತೊಡಗಿದೆ. ಆದರೂ ಪ್ಯಾಕೆಟ್ ಒಡೆದ ಕೂಡಲೇ ಅಗಲ ಡಬ್ಬಿಗೆ ಸುರಿದು ಒಮ್ಮೆ ಕೈಯಾಡಿಸಿ ಅಂತಲೇ ಎಲ್ಲರಿಗೂ ಹೇಳುತ್ತೇನೆ.

ಮಸಾಲೆಯ ಅಳತೆಯನ್ನು ಮಾತ್ರ ಬದಲಿಸಲಿಲ್ಲ. ಮೈಸೂರಿನವರಿಗೆ ಮೂರು ನಿಮಿಷಕ್ಕೆ ಒಲೆ ಆರಿಸಲು ಹೇಳಿದೆ. ಒಪ್ಪಿದರು. ಹುಬ್ಬಳ್ಳಿಯವರಿಗೆ, ಪುಡಿಯನ್ನು ಮೊದಲು ಒಂದು ಲೋಟ ನೀರಿನಲ್ಲಿ ಕುದಿಸಿ ಆಮೇಲೆ ಹಾಲು ಹಾಕಿ ಅಂದೆ. ಹಾಲಿಗಿಂತ ನೀರಿನಲ್ಲಿ ಪುಡಿಯ ಸತ್ವ ಬೇಗ ಬಿಡುತ್ತದೆ. ಮುಂದಿನ ಸಲ ಅಲ್ಲಿಗೆ ಹೋದಾಗ ನೀರು ಕುದಿಯುತ್ತಿತ್ತು, ಪುಡಿ ಬಿತ್ತು, ಎಲ್ಲ ನಾನು ಹೇಳಿದ ಹಾಗೆಯೇ. ಆಮೇಲೆ ಅವರು ಒಂದು ದೊಡ್ಡ ಹಸಿ ಶುಂಠಿ ತೆಗೆದು ಕಲ್ಲಿನಲ್ಲಿ ಜಜ್ಜಿ ಅದಕ್ಕೇ ಹಾಕಿದರು. ನಾನು ಮುಖ ನೋಡಿದೆ. "ನಿಮ್ಮ ಪುಡಿ ಚಲೋ ಆಗೇತ್ರೀ ಈಗ" ಅಂದರು, "ಆದ್ರ ಹಸಿ ಶುಂಠಿ ಇಲ್ದ ಚಾ ಮಂದಿ ಕುಡ್ಯಾಂಗಿಲ್ಲ." ಎರಡು ಕಪ್ ಕುಡಿದು ಬಂದೆ.