ಸೊಂಟದಲ್ಲಿ ‘ಟಕ್’ ಅಂದದ್ದು ಏನು?

ಸೊಂಟ ಹಿಡಿದುಕೊಂಡರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು, ‘ಉಳುಕಿರಬೇಕು, ಬಲ್ಲವರ ಹತ್ರ ತೆಗೆಸು.’ ಒಳಗೆ ಏನೋ ಜಾಗ ಬಿಟ್ಟಿದೆ, ಸರಿಯಾದ ಕೈ ಬಿದ್ದರೆ ‘ಟಕ್’ ಅಂತ ಮತ್ತೆ ಕೂರುತ್ತದೆ ಎಂಬ ನಂಬಿಕೆ ಅದು. ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತುವ ಕೈರೊಪ್ರಾಕ್ಟಿಕ್ ಎಂಬ ಚಿಕಿತ್ಸೆಯ ವಿಡಿಯೊಗಳು ಮೊಬೈಲಿನಲ್ಲಿ ಓಡಾಡುತ್ತವಲ್ಲ, ಅವುಗಳಲ್ಲೂ ಇದೇ ಮಾತು. ಈ ನಂಬಿಕೆ ಅಮೆರಿಕದಲ್ಲಿ ಒಂದು ಶಾಸ್ತ್ರವಾಗಿಯೇ ಬೆಳೆಯಿತು.

ಆಂಡ್ರೂ ಟೇಲರ್ ಸ್ಟಿಲ್ ಎಂಬ ವೈದ್ಯರು 1864ರಲ್ಲಿ ಮೆದುಳಿನ ಪೊರೆಯ ಸೋಂಕಿಗೆ ತಮ್ಮ ಮಕ್ಕಳನ್ನೇ ಕಳೆದುಕೊಂಡರು. ಆ ಕಾಲದ ಔಷಧಿಗಳ ಮೇಲೆ ಅವರಿಗೆ ನಂಬಿಕೆಯೇ ಹೋಯಿತು. ಮೂಳೆ, ಕೀಲು ಸರಿಯಿದ್ದರೆ ಮೈ ತಾನೇ ವಾಸಿ ಮಾಡಿಕೊಳ್ಳುತ್ತದೆ ಎಂದು 1874ರಲ್ಲಿ ಆಸ್ಟಿಯೋಪತಿ ಎಂಬ ಚಿಕಿತ್ಸಾ ಪದ್ಧತಿ ಶುರು ಮಾಡಿದರು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಅದಕ್ಕೊಂದು ಶಾಲೆಯೂ ಆಯಿತು.

ಮೂರು ವರ್ಷದ ನಂತರ ಅಯೊವಾದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಎಂಬ ಚಿಕಿತ್ಸಕರು, ಕಿವಿ ಕೇಳದ ಹಾರ್ವಿ ಲಿಲ್ಲಾರ್ಡ್ ಎಂಬವರ ಬೆನ್ನುಮೂಳೆ ಒತ್ತಿ ಕಿವಿ ಕೇಳುವಂತೆ ಮಾಡಿದೆ ಎಂದರು. ಕೇಳುವ ನರ ಬೆನ್ನುಮೂಳೆಯ ಮೂಲಕ ಹೋಗುವುದೇ ಇಲ್ಲ. ಆದರೂ ಕೈರೊಪ್ರಾಕ್ಟಿಕ್ ಹುಟ್ಟಿದ್ದು ಅಲ್ಲಿಂದಲೇ. ಅದೇ ಹೊತ್ತಿಗೆ, 1894ರಲ್ಲಿ, ಬ್ರಿಟನ್ನಿನ ನಾಲ್ವರು ನರ್ಸ್‌ಗಳು ಮಸಾಜ್ ಮಾಡುವವರ ಸಂಘ ಕಟ್ಟಿದರು. ಅಲ್ಲಿನ ಫಿಸಿಯೋಥೆರಪಿಯ ಬೇರು ಅದು.

ಕೈಚಳಕ ಒಬ್ಬೊಬ್ಬರದು ಒಂದೊಂದು ಥರ. ಕೈರೊಪ್ರಾಕ್ಟರ್ ಕೀಲಿಗೆ ಗಕ್ಕನೆ ಒಂದು ಒತ್ತು ಕೊಡುತ್ತಾರೆ. ಫಿಸಿಯೋ ಹೆಚ್ಚಾಗಿ ನಿಧಾನಕ್ಕೆ, ಹಂತ ಹಂತವಾಗಿ ಕೀಲನ್ನು ಆಡಿಸುತ್ತಾರೆ. ಆಸ್ಟಿಯೋಪತಿಯಲ್ಲಿ ಎರಡೂ ಉಂಟು. ಮಸಾಜ್ ಮೂಳೆಯ ಗೊಡವೆಗೆ ಹೋಗದೆ ಸ್ನಾಯುವನ್ನು ನೀವುತ್ತದೆ.

ಇವರಲ್ಲಿ ಕೈರೊಪ್ರಾಕ್ಟರ್‌ಗಳ ಮೇಲೆ ಅಮೆರಿಕದ ವೈದ್ಯರ ಸಂಘ ವರ್ಷಗಟ್ಟಲೆ ಹಗೆ ಸಾಧಿಸಿತು. ವೈದ್ಯರು ಒಟ್ಟಾಗಿ ಅವರನ್ನು ದೂರ ಇಟ್ಟದ್ದು ಕಾನೂನಿಗೆ ವಿರುದ್ಧ ಎಂದು 1987ರಲ್ಲಿ ಕೋರ್ಟ್ ಹೇಳಿತು. ಆದರೆ ಚಿಕಿತ್ಸೆಯಿಂದ ನೋವು ಕಮ್ಮಿಯಾಗುತ್ತದೋ ಇಲ್ಲವೋ ಎಂಬುದು ಕೋರ್ಟಿನಲ್ಲಿ ತೀರುವ ಮಾತಲ್ಲ, ಅಲ್ವಾ? ಅದಕ್ಕೆ ರೋಗಿಗಳನ್ನು ಗುಂಪು ಮಾಡಿ ಪರೀಕ್ಷಿಸಿ ನೋಡಲೇಬೇಕಿತ್ತು.

1998ರಲ್ಲಿ ಸೊಂಟನೋವಿದ್ದ 321 ಜನರ ಮೇಲೆ ಅಂಥದ್ದೊಂದು ಪರೀಕ್ಷೆ ನಡೆಯಿತು. ಕೆಲವರಿಗೆ ಕೈರೊಪ್ರಾಕ್ಟಿಕ್, ಕೆಲವರಿಗೆ ವ್ಯಾಯಾಮ ಕಲಿಸುವ ಮೆಕೆಂಝಿ ಪದ್ಧತಿಯ ಫಿಸಿಯೋಥೆರಪಿ, ಉಳಿದವರಿಗೆ ಸುಮ್ನೆ ಸೊಂಟನೋವಿನ ಬಗ್ಗೆ ಒಂದು ಕಿರುಪುಸ್ತಕ. ಮೊದಲ ಎರಡೂ ಹೆಚ್ಚುಕಮ್ಮಿ ಸಮ. ಕಿರುಪುಸ್ತಕದವರಿಗಿಂತ ಅವರು ಮುಂದಿದ್ದದ್ದೂ ತುಸುವೇ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು 2011ರ ಪರೀಕ್ಷೆ. ಬಹುಕಾಲದಿಂದ ಸೊಂಟನೋವಿದ್ದ 401 ಜನ ಅದರಲ್ಲಿದ್ದರು. ಒಂದು ಗುಂಪಿಗೆ ಸ್ನಾಯು, ಕೀಲಿನ ದೋಷ ಹುಡುಕಿ ಮಾಡುವ ಮಸಾಜ್, ಇನ್ನೊಂದಕ್ಕೆ ಹಾಯೆನಿಸುವ ಮಾಮೂಲಿ ಮಸಾಜ್. ಹತ್ತು ವಾರಕ್ಕೆ ಎರಡೂ ಗುಂಪು ಮಾಮೂಲಿ ಆರೈಕೆಯಲ್ಲಿದ್ದವರಿಗಿಂತ ಚೇತರಿಸಿಕೊಂಡಿದ್ದವು. ಅವೆರಡರ ನಡುವೆ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ದೋಷ ಹುಡುಕಿದ್ದರಿಂದ ಜಾಸ್ತಿ ಏನೂ ಸಿಗಲಿಲ್ಲ. 2019ರಲ್ಲಿ ಬೆನ್ನುಮೂಳೆ ಒತ್ತುವ ಚಿಕಿತ್ಸೆಯ 47 ಪರೀಕ್ಷೆಗಳನ್ನು ಒಟ್ಟಿಗೆ ತೂಗಿದಾಗ, ಅದರ ಫಲವೂ ವ್ಯಾಯಾಮದಂಥ ಇತರ ಚಿಕಿತ್ಸೆಗಳಷ್ಟೇ ಎಂದು ಕಂಡಿತು.

ಹಾಗಾದರೆ ಆ ‘ಟಕ್’? 2015ರಲ್ಲಿ ಕೆನಡಾದಲ್ಲಿ ಬೆರಳಿನ ನೆಟಿಗೆ ತೆಗೆಯುವುದನ್ನು ಎಂಆರ್‌ಐನಲ್ಲಿ ಚಿತ್ರಿಸಿದರು. ಕೀಲು ಹಿಗ್ಗಿದಾಗ ಒಳಗಿನ ದ್ರವದಲ್ಲಿ ಗಾಳಿಯ ಪೊಳ್ಳು ಉಂಟಾಗುತ್ತಿತ್ತು. ಮೂಳೆ ಜಾಗಕ್ಕೆ ಬಂದು ಕೂತ ಸದ್ದಲ್ಲ ಅದು. ಇಂಥ ಚಿಕಿತ್ಸೆಯಿಂದ ಸ್ನಾಯುವಿನ ಬಿಗಿ ಸಡಿಲುತ್ತದೆ, ನೋವು ಸ್ವಲ್ಪ ಹೊತ್ತು ತಗ್ಗುತ್ತದೆ, ಬಗ್ಗಲು ಧೈರ್ಯ ಬರುತ್ತದೆ. ಆ ಧೈರ್ಯ ಬಂದ ಹೊತ್ತಲ್ಲೇ ನಡೆಯಬೇಕು, ವ್ಯಾಯಾಮ ಮಾಡಬೇಕು. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಕೈಯಿಂದ ಮಾಡುವ ಇಂಥ ಚಿಕಿತ್ಸೆಯನ್ನು ಒಪ್ಪಿದ್ದೂ ವ್ಯಾಯಾಮದ ಜೊತೆಗೇ ಇರಬೇಕು ಎಂಬ ಷರತ್ತಿನ ಮೇಲೆ. ‘ನಿಮ್ಮ ಮೂಳೆ ಜಾರಿದೆ, ಬಗ್ಗಬೇಡಿ’ ಎಂದು ಹೆದರಿಸಿ ತಿಂಗಳುಗಟ್ಟಲೆ ಕರೆಸಿಕೊಳ್ಳುವವರ ಹತ್ರ ಹೋಗಬೇಡಿ.

ಒಂದು ಮಾತ್ರ ನೆನಪಿರಲಿ. ಸೊಂಟನೋವಿನ ಜೊತೆ ಕಾಲಿನ ಬಲ ಕುಂದುತ್ತಿದ್ದರೆ, ಕೂರುವ ಜಾಗ ಮರಗಟ್ಟಿದ್ದರೆ, ಮೂತ್ರ ಕಟ್ಟಿದ್ದರೆ ಯಾರ ಕೈಗೂ ಬೆನ್ನು ಕೊಡಬೇಡಿ. ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ.